ಬಾವಿ ಮಾವನ ಅಂಗಿ

ಹನ್ನೊಂದು ವರ್ಷ ನಾನು ಆ ಮನುಷ್ಯನಿಗೆ ಮೂರು ಸೀಸೆಗಳನ್ನು ಒಂದೇ ಸಾಲಿನಲ್ಲಿ ಮೂಸಲು ಕೊಟ್ಟೆ. ಮೊದಲು ಸೋಪಿನ ನೀರು, ಆಮೇಲೆ ಲವಂಗ, ಕೊನೆಗೆ ಸೀಮೆಎಣ್ಣೆ. ಸಾಲು ಬದಲಿಸಬೇಕೆಂದು ತೋಚಲಿಲ್ಲ ಎಂದರೆ ಸುಳ್ಳಾಗುತ್ತದೆ. ತೋಚಿತ್ತು, ಸೋಮಾರಿತನ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಬೇರೆಯವರ ಮೇಲೂ ರೇಗುವುದಿದೆ. ಮೊದಲಿನಿಂದಲೂ ನನಗೆ ಮೂಗಿನ ತುದಿಯಲ್ಲೇ ಕೋಪ.

ನಾನು ಎಣ್ಣೆ ಕಂಪನಿಯ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದೆ. ಆತ ಅದೇ ಕಂಪನಿಯ ಎಣ್ಣೆಬಾವಿಗಳನ್ನು ನೋಡಿಕೊಳ್ಳುತ್ತಿದ್ದವನು. ಊರಿಗೆಲ್ಲ ಬಾವಿ ಮಾವ. ಕೊನೆಗೆ ಆತನ ಪಾಲಿಗೆ ಉಳಿದದ್ದು ಊರೊಳಗಿನ ಒಂದೇ ಬಾವಿ. ಅದರ ಮೇಲೆ ಮೊದಲಿದ್ದ ಪಂಪು ಎರಡು ಮಹಡಿ ಎತ್ತರದ ಕಬ್ಬಿಣದ ತೊಲೆ. ಹಗಲಿರುಳೂ ತಲೆ ಎತ್ತಿ ಇಳಿಸಿ, ಎದುರಿಗೆ ಯಾರೋ ಕಥೆ ಹೇಳುತ್ತಿದ್ದಾರೇನೋ ಎಂಬಂತೆ ಹೂಂಗುಟ್ಟುತ್ತಿತ್ತು. ಮಕ್ಕಳು ಅದನ್ನು ಹೂಂಕತ್ತೆ ಎಂದು ಕರೆಯುತ್ತಿದ್ದರು. ಊರು ಬೆಳೆಯುತ್ತ ಬೆಳೆಯುತ್ತ ಹೂಂಕತ್ತೆಯ ಕಾಲಬುಡಕ್ಕೇ ಬಂತು. ಪಕ್ಕದಲ್ಲಿ ಹೆರಿಗೆ ಆಸ್ಪತ್ರೆ ಎದ್ದಿತು. ಬಸುರಿಯರಿಗೆ ನಿದ್ದೆಯಿಲ್ಲ ಎಂದು ದೂರು ಹೋಯಿತು, ಬಾವಿ ಮುಚ್ಚಿ ಎಂದು ಅರ್ಜಿ ಹೋಯಿತು.

ಕಂಪನಿ ಬಾವಿ ಮುಚ್ಚಲಿಲ್ಲ, ಪಂಪನ್ನು ಬದಲಿಸಿತು. ಹೊಸದು ಎದೆಯೆತ್ತರಕ್ಕಿಂತ ಹೆಚ್ಚಿಲ್ಲ. ಹಸಿರು ಬಣ್ಣ ಬಳಿದ ಉಕ್ಕಿನ ಪೆಟ್ಟಿಗೆ. ಒಳಗೆ ಒತ್ತಡದ ಎಣ್ಣೆಯೇ ಬಾವಿಗಿಳಿದ ಸರಳನ್ನು ಮೇಲೆ ಕೆಳಗೆ ತಳ್ಳುತ್ತದೆ. ಬಾಗಿಲು ಹಾಕಿದರೆ ಫ್ರಿಜ್ಜಿನಷ್ಟೂ ಸದ್ದಿಲ್ಲ. ಜನ ಅದನ್ನು ಬೀರು ಎಂದರು. ಸುತ್ತ ಗೋಡೆ ಕಟ್ಟಿ, ಗೋಡೆಗೆ ಬಳ್ಳಿ ಹಬ್ಬಿಸಿ, ಪೈಪುಗಳನ್ನೆಲ್ಲ ನೆಲದಡಿಯ ಸಿಮೆಂಟಿನ ಕಾಲುವೆಗೆ ಇಳಿಸಿದರು. ಆ ಕಾಲುವೆ ಆಸ್ಪತ್ರೆಯ ಕಿಟಕಿಗಳ ಕೆಳಗೇ ಹಾದುಹೋಗುತ್ತಿತ್ತು. ಎರಡು ವರ್ಷದಲ್ಲಿ ಅಲ್ಲೊಂದು ಬಾವಿಯಿದೆ ಎನ್ನುವುದೇ ಊರಿಗೆ ಮರೆತುಹೋಯಿತು. "ಮದುಮಗಳನ್ನ ಒಳಗೆ ಕೂರಿಸಿದಂಗಾಯ್ತು ಸಿಸ್ಟರ್. ಯಾರ ಕಣ್ಣೂ ತಾಗಲ್ಲ," ಎಂದು ಬಾವಿ ಮಾವ ಹೆಮ್ಮೆಪಡುತ್ತಿದ್ದ. ಗಾಳಿಯೂ ತಾಗುವುದಿಲ್ಲ ಎನ್ನುವುದು ನಮಗಾರಿಗೂ ಹೊಳೆಯಲಿಲ್ಲ.

ಗಾಳಿ ಏಕೆ ಬೇಕೆಂದರೆ, ಎಣ್ಣೆಯ ಜೊತೆ ಬಾವಿಯಿಂದ ಒಂದು ಅನಿಲವೂ ಬರುತ್ತದೆ. ಕೊಳೆತ ಮೊಟ್ಟೆಯ ನಾತ. ಸ್ವಲ್ಪವಿದ್ದರೆ ತಲೆನೋವು, ವಾಂತಿ, ಕಣ್ಣುರಿ. ಜಾಸ್ತಿಯಾದರೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಅದರ ಕುತಂತ್ರವೆಂದರೆ ಮೊದಲು ಮೂಗನ್ನೇ ಮಂಕು ಮಾಡುವುದು. ಒಂದಷ್ಟು ಹೊತ್ತು ಅದರೊಳಗೇ ಇದ್ದವರಿಗೆ ನಾತ ಹೋಯಿತು ಎನ್ನಿಸುತ್ತದೆ. ಹೋಗಿರುವುದು ಮೂಗು. ಬಾವಿ ಕೆಲಸದವರಿಗೆ ವರ್ಷಕ್ಕೊಮ್ಮೆ ಸೀಸೆ ಮೂಸಿಸಿ ಪರೀಕ್ಷೆ ಮಾಡುತ್ತಿದ್ದುದು ಅದಕ್ಕೇ.

ಈಗ ಹೇಳುವುದೆಲ್ಲ ನನಗೆ ಆಮೇಲೆ ತಿಳಿದದ್ದು. ಹನ್ನೊಂದು ವರ್ಷದ ಹಿಂದೆ ಊರಾಚೆಯ ಒಂದು ಬಾವಿಯ ಬಳಿ ಆ ಅನಿಲ ಕುಡಿದು ಆತ ಬಿದ್ದಿದ್ದ. ಜೊತೆಯವನು ಕಾಲು ಹಿಡಿದು ಎಳೆದು ಉಳಿಸಿದ. ಬಿಸಿಲಿಗೆ ತಲೆ ತಿರುಗಿತು ಎಂದು ಇಬ್ಬರೂ ಸುಳ್ಳು ಹೇಳಿದರು. ಜೀವ ಮರಳಿತು, ಮೂಗು ಮರಳಲಿಲ್ಲ. ಒಂದು ವಾರದ ಮೇಲೆ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಿಕಲಾದರೂ ಆತ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಹೆಂಡತಿ ಓಡಿಬಂದು ಕೇಳಿದಳು, "ರೀ, ಮೂಗು ಎಲ್ಲಿಟ್ಟು ಬಂದ್ರಿ?" ಆತ ಅತ್ತುಬಿಟ್ಟ. ಗೊತ್ತಾದರೆ ಕಂಪನಿ ಬಾವಿಯಿಂದ ಬಿಡಿಸಿ ಗೇಟಿನಲ್ಲಿ ಕೋಲು ಕೊಟ್ಟು ಕೂರಿಸುತ್ತದೆ. ಆ ಮನುಷ್ಯನಿಗೆ ಬಾವಿ ಬಿಟ್ಟು ಬೇರೆ ಪ್ರಪಂಚವಿರಲಿಲ್ಲ.

ಅಂದಿನಿಂದ ಹೆಂಡತಿಯೇ ಆತನ ಮೂಗಾದಳು. ಸಂಜೆ ಹೊಸ್ತಿಲಲ್ಲಿ ನಿಂತು ಆತ ಅಂಗಿ ಬಿಚ್ಚಿ ಕೊಡುವುದು, ಅವಳು ಅದನ್ನು ಮುಖಕ್ಕೆ ಹಿಡಿದು ಹೇಳುವುದು: "ಬೆವರು, ಗ್ರೀಸು, ಅಷ್ಟೆ. ಒಳಗೆ ಬನ್ನಿ." ಎಲ್ಲೋ ವರ್ಷಕ್ಕೊಂದೆರಡು ಸಲ, "ಮೊಟ್ಟೆ ಇದೆ ರೀ, ಹೋಗಿ ನೋಡಿ." ಆತ ಬಂದ ಕಾಲಲ್ಲೇ ವಾಪಸು ಹೋಗಿ, ಸರಳು ಬಾವಿಯೊಳಗೆ ಇಳಿಯುವ ಕತ್ತನ್ನು ಬಿಗಿ ಮಾಡಿ ಬರುತ್ತಿದ್ದ. ಮರುದಿನ ದಿನಚರಿ ಪುಸ್ತಕದ 'ವಾಸನೆ' ಎಂಬ ಕಾಲಂ ತುಂಬುತ್ತಿದ್ದುದು ಹೆಂಡತಿಯ ಮಾತಿನಿಂದ. ನನ್ನ ಸೀಸೆಗಳ ಸಾಲು ಆತನಿಗೆ ಬಾಯಿಪಾಠವಾಗಿತ್ತು. ಒಂಬತ್ತು ವರ್ಷ ಒಂದು ತಪ್ಪೂ ಆಗಲಿಲ್ಲ. "ಅಡುಗೆ ಸೀದರೂ ಹೊಗಳೋ ಗಂಡ ಯಾರಿಗೆ ಸಿಗ್ತಾನೆ ಹೇಳಿ," ಎಂದು ಅವಳು ನನ್ನೆದುರಿಗೇ ನಕ್ಕಿದ್ದಳು. ನಾನೂ ನಕ್ಕಿದ್ದೆ. ದಡ್ಡಿ, ಆಗಲೂ ಅರ್ಥವಾಗಲಿಲ್ಲ.

ಅವಳು ತೀರಿಕೊಂಡ ಮೇಲೆ ಆತ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ, ಸಂಜೆ ಹೊಸ್ತಿಲಲ್ಲಿ ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟನಂತೆ. ಕೊಡಲು ಯಾರೂ ಇರಲಿಲ್ಲ. ಮಗಳು ಒಳಗಿನಿಂದ ಬಂದು ಅಂಗಿ ಇಸಿದುಕೊಂಡಳು. ಅಮ್ಮನಂತೆಯೇ ಅದನ್ನು ಮುಖಕ್ಕೆ ಹಿಡಿದಳು.

ಮಗಳ ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯಲ್ಲೇ, ಹಾಗಾಗಿ ಅವಳಿದ್ದದ್ದು ಅಪ್ಪನ ಮನೆಯಲ್ಲಿ. ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದು ಆರು ತಿಂಗಳು ದಾಟಿದಾಗ ಡಾಕ್ಟರಮ್ಮ ಇನ್ನು ಎದ್ದು ಓಡಾಡಲೇಬಾರದು ಎಂದು ಆಸ್ಪತ್ರೆಯಲ್ಲಿ ಮಲಗಿಸಿದರು. ಸಿಕ್ಕಿದ್ದು ಕಿಟಕಿ ಪಕ್ಕದ ಮಂಚ. ಕಿಟಕಿಯಾಚೆ ಬಳ್ಳಿಗೋಡೆ, ಗೋಡೆಯಾಚೆ ಬೀರು. ಬಾವಿ ಮಾವನಿಗೆ ಸ್ವರ್ಗ ಮೂರೇ ಗೇಣು. "ನನ್ನ ಎರಡೂ ಒಂದೇ ಗೋಡೆ ಆಚೆ ಈಚೆ," ಎಂದು ಕ್ಲಿನಿಕ್ಕಿಗೆ ಬಂದು ಹೇಳಿಹೋದ.

ದಿನಾ ನಾಲ್ಕು ಗಂಟೆಗೆ ಭೇಟಿಯ ವೇಳೆ. ಆತ ಬೇರೆ ಅಂಗಿ ತೊಟ್ಟು, ಕೆಲಸದ ಅಂಗಿಯನ್ನು ಚೀಲದಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಮಗಳು ಮಲಗಿದಲ್ಲೇ ಮೂಸಿ, "ಏನೂ ಇಲ್ಲ ಅಪ್ಪ," ಎನ್ನುತ್ತಿದ್ದಳು. ಬೇರೆ ಅಪ್ಪಂದಿರು ಹಣ್ಣು ತರ್ತಾರೆ, ಇವರು ಕೊಳೆಬಟ್ಟೆ ತರ್ತಾರೆ ಎಂದು ಅಲ್ಲಿನ ನರ್ಸುಗಳು ನಗುತ್ತಿದ್ದರು. ನಾಲ್ಕನೇ ದಿನದಿಂದ ಅವಳಿಗೆ ತಲೆನೋವು, ಆಮೇಲೆ ಕಣ್ಣುರಿ, ವಾಕರಿಕೆ. ಬಸಿರಿನಲ್ಲಿ ಇದೆಲ್ಲ ಇದ್ದದ್ದೇ ಎಂದರು. ಬೆಳಗಿನ ಪಾಳಿಯ ನರ್ಸುಗಳು ಚರಂಡಿ ನಾರುತ್ತಿದೆ ಎಂದು ಫಿನಾಯಿಲ್ ಸುರಿಯುತ್ತಿದ್ದರು. ಸುರಿದು ಒಂದು ಗಂಟೆಯಾದರೆ ಅವರಿಗೂ ವಾಸನೆ ಹೋಗುತ್ತಿತ್ತು, ಫಿನಾಯಿಲ್ ಒಳ್ಳೆಯದು ಎನ್ನುತ್ತಿದ್ದರು. ಬಾವಿ ಮಾವ ಮಾತ್ರ ದಿನವೂ ಬೀರು ತೆರೆದು, ಸರಳಿಗೆ ಅಂಗೈಯ ಹಿಂಬದಿ ತಾಗಿಸಿ ಬಿಸಿ ನೋಡಿ, ಕತ್ತಿನ ಬಳಿ ಜಿನುಗಿದ ಎಣ್ಣೆ ಒರೆಸಿ, ಪುಸ್ತಕದಲ್ಲಿ ಬರೆಯುತ್ತಿದ್ದ: ವಾಸನೆ, ಇಲ್ಲ.

ಹನ್ನೆರಡನೇ ದಿನ ಆತ ಅಂಗಿಯ ಜೊತೆ ಕಿತ್ತಳೆಹಣ್ಣೂ ಒಯ್ದಿದ್ದ. ಮಗಳು ಸಿಪ್ಪೆ ಸುಲಿದಳು, ತೊಳೆ ಬಿಡಿಸಿದಳು, ಸಿಪ್ಪೆಯನ್ನು ಮೂಗಿನ ಹತ್ತಿರ ಹಿಡಿದಳು.

"ಎಂಥ ಹಣ್ಣು ತಂದಿದೀಯಪ್ಪ, ಇದಕ್ಕೆ ವಾಸನೇನೇ ಇಲ್ಲ."

ಆತ ಕೂತಲ್ಲಿಂದ ಎದ್ದ. ಮಗಳ ಕೈಯಿಂದ ಸಿಪ್ಪೆ ಇಸಿದುಕೊಂಡವನು ಅದನ್ನು ಹಿಂಡಿ ನೋಡಿದ. ರಸ ಕಣ್ಣಿಗೆ ಸಿಡಿಯಿತು. ಹಣ್ಣು ತಾಜಾ. ಅನಿಲ ಒಮ್ಮೆಲೇ ನುಗ್ಗಿದ್ದರೆ ಅವಳು ಕೂಗಿ ಹೇಳುತ್ತಿದ್ದಳು. ಅದು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಬಂದು, ಅವಳ ಮೂಗನ್ನೂ ಜೊತೆಜೊತೆಗೇ ಒಯ್ದಿತ್ತು. ಹನ್ನೆರಡು ದಿನ ಆತ ಯಾವ ಮೂಗನ್ನು ನಂಬಿ ಇಲ್ಲ ಎಂದು ಬರೆದನೋ, ಆ ಮೂಗೇ ಅನಿಲದೊಳಗೆ ಮಲಗಿತ್ತು.

ನಾನು ಕ್ಲಿನಿಕ್ಕಿನಲ್ಲಿ ಬ್ಯಾಂಡೇಜು ಸುತ್ತಿಡುತ್ತಿದ್ದೆ. ಬಾವಿ ಮಾವ ಏದುಸಿರು ಬಿಡುತ್ತ ಒಳಗೆ ಬಂದ.

"ಸಿಸ್ಟರ್, ನಿಮ್ಮ ಮೂಗು ಬೇಕು."

"ಅದೇನು ಬಾಡಿಗೆಗೆ ಕೊಡೋ ಸಾಮಾನಾ ಬಾವಿಯವ್ರೇ?" ಎಂದೆ.

ಆತ ನಗಲಿಲ್ಲ. ನನ್ನ ಕೈ ಹಿಡಿದು ಎಳೆದ. ಎರಡು ಬೀದಿ ಓಡಿದೆವು. ಆ ಎರಡು ಬೀದಿಯಲ್ಲಿ ಅಂಗಿ, ಹೆಂಡತಿ, ಮಗಳು, ಎಲ್ಲವನ್ನೂ ತುಂಡು ತುಂಡಾಗಿ ಒದರಿದ. ವಾರ್ಡಿನ ಬಾಗಿಲಿಗೆ ಬಂದಾಗಲೇ ನನಗೆ ಬಡಿಯಿತು. ಮೊಟ್ಟೆ. ಏಳು ಹೆಂಗಸರು ಅದರೊಳಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದರು.

ಆತ ಗೋಡೆಯಾಚೆ ಓಡಿ ಕೆಂಪು ಗುಂಡಿ ಒತ್ತಿದ, ಕತ್ತು ಬಿಗಿದ, ಪಕ್ಕದ ವಾಲ್ವು ತಿರುಗಿಸಿದ. ಅದು ಮರಳು ಉಕ್ಕುವ ಬಾವಿ. ಒಮ್ಮೆ ನಿಂತರೆ ಮರಳು ಕೂತು ಸರಳು ಹಿಡಿದುಕೊಳ್ಳುತ್ತದೆ, ಬಾವಿ ಸತ್ತ ಹಾಗೆಯೇ. ಮೂವತ್ತೊಂದು ವರ್ಷ ಸಾಕಿದ್ದನ್ನು ಆತ ಒಂದು ಬೆರಳಲ್ಲಿ ಕೊಂದ. ಅದಕ್ಕೆ ಆತ ಆಗಲೂ ಅಳಲಿಲ್ಲ, ಆಮೇಲೂ ಅಳಲಿಲ್ಲ.

ಬಾವಿ ನಿಂತರೂ ಕಾಲುವೆಯಲ್ಲಿ ತುಂಬಿದ್ದ ಅನಿಲ ಅಲ್ಲೇ ಇತ್ತು. ಹೆಂಗಸರನ್ನು ಹೊರಗೆ ತರಬೇಕಿತ್ತು. ಡಾಕ್ಟರಮ್ಮ ಅಡ್ಡ ನಿಂತರು. "ಅಲುಗಾಡಬಾರದು ಅಂತಲೇ ಇವರನ್ನ ಮಲಗಿಸಿರೋದು. ಚರಂಡಿ ವಾಸನೆಗೆ ಹೆದರಿ ಎಬ್ಬಿಸಿ ಓಡಿಸಲಾ?" ಬಾವಿ ನಿಂತ ಸುದ್ದಿ ಮುಟ್ಟಿ ಹತ್ತು ನಿಮಿಷದಲ್ಲಿ ಕಂಪನಿಯ ಇಂಜಿನಿಯರ್ ಬಂದ. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಮಾತು. ಬೀರುವಿನ ಪರದೆ ನೋಡಿಬಂದು ಅನಿಲ ಸೊನ್ನೆ ಎಂದ. ಅನಿಲ ನೋಡುವ ಯಂತ್ರವನ್ನು ಬೀರುವಿನ ಮುಚ್ಚಳಕ್ಕೆ ಬಿಗಿದಿದ್ದರು. ಈ ಅನಿಲವೋ ಭಾರ, ನೆಲ ಹಿಡಿದು ಹರಿಯುವಂಥದು. ಮೇಲಿದ್ದ ಯಂತ್ರ ಹನ್ನೆರಡು ದಿನ ಸೊನ್ನೆಯೆಂದೇ ಹೇಳಿತ್ತು.

"ಯಾರನ್ನ ಕೇಳಿ ನಿಲ್ಲಿಸಿದ್ರಿ?" ಎಂದು ಇಂಜಿನಿಯರ್ ದಿನಚರಿ ಪುಸ್ತಕ ಬಿಡಿಸಿ ಹಿಡಿದ. "ನಿಮ್ಮದೇ ಅಕ್ಷರ. ಇಲ್ಲ, ಇಲ್ಲ, ಇಲ್ಲ. ಇವತ್ತು ಬೆಳಿಗ್ಗೇನೂ ಇಲ್ಲ."

"ಅದು ಸುಳ್ಳು ಸಾರ್. ನಂಗೆ ವಾಸನೆ ಗೊತ್ತಾಗಲ್ಲ. ಹನ್ನೊಂದು ವರ್ಷ ಆಯ್ತು."

"ಹೋದ ತಿಂಗಳು ಟೆಸ್ಟಲ್ಲಿ ಪಾಸಾಗಿದೀರಲ್ಲ. ಸಿಸ್ಟರ್ ಸೈನ್ ಇದೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಿವೃತ್ತಿಗೆ ನನಗೆ ಎರಡು ವರ್ಷವಿತ್ತು. ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದರೆ, ಒಳಗೆ ಯಾರೋ ಕೆಮ್ಮಿದರು, ಆ ಕೆಮ್ಮು ಮುಗಿಯುವಷ್ಟು ಹೊತ್ತು. ಹಾಳು ಬಾಯಿ, ಬೇರೆಯವರನ್ನು ಬೈಯಲು ಮಾತ್ರ ಸಲೀಸಾಗಿ ತೆರೆಯುತ್ತದೆ.

ಆಮೇಲೆ ಮೂಲೆಯಲ್ಲಿದ್ದ ಫಿನಾಯಿಲ್ ಬಾಟಲಿಯ ಮುಚ್ಚಳ ತೆಗೆದೆ. ಒಂದು ಕೈಯಿಂದ ಬಾವಿ ಮಾವನ ಕಣ್ಣು ಮುಚ್ಚಿ, ಇನ್ನೊಂದರಿಂದ ಬಾಟಲಿಯನ್ನು ಆತನ ಮೂಗಿಗೆ ಹಿಡಿದೆ. ಇಂಜಿನಿಯರ್ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ನನ್ನ ಕಣ್ಣಲ್ಲಿ ನೀರು ಬಂತು. ಬಾವಿ ಮಾವ ಉಸಿರನ್ನು ಆಳವಾಗಿ ಎಳೆದುಕೊಂಡು, ಕಾದು, ಕೇಳಿದ:

"ಇಟ್ಟಿದೀರಾ ಸಿಸ್ಟರ್, ಇನ್ನೂ ಇಲ್ವಾ?"

ಇಂಜಿನಿಯರ್ ಜೀಪಿನತ್ತ ಓಡಿದ. ಜೀಪಿನಲ್ಲಿ ಕೈಯಲ್ಲಿ ಹಿಡಿಯುವ ಇನ್ನೊಂದು ಯಂತ್ರವಿತ್ತು. ಅದನ್ನು ತೆಗೆದರೆ ವರದಿ ಬರೆಯಬೇಕಾಗುತ್ತದೆಂದು ಅಲ್ಲಿಯವರೆಗೆ ತೆಗೆದಿರಲಿಲ್ಲ. ಈಗ ತಂದು, ಮಂಡಿಯೂರಿ, ಕಿಟಕಿಯ ಕೆಳಗೆ ಕಾಲುವೆಯ ಚಪ್ಪಡಿಗೆ ಹಿಡಿದ. ಅದು ಕಿರುಚಿತು, ನಿಲ್ಲಲೇ ಇಲ್ಲ.

ಡಾಕ್ಟರಮ್ಮ ತಾವೇ ಮೊದಲ ಮಂಚ ತಳ್ಳಿದರು. ಮಗಳ ಮಂಚವನ್ನು ಬಾವಿ ಮಾವ ತಳ್ಳಿದ. ಗಾಲಿ ಕಿರ್‌ಗುಡುತ್ತಿತ್ತು. ಅವಳು ಮಲಗಿದಲ್ಲಿಂದಲೇ ಅಪ್ಪನ ಮುಖ ನೋಡುತ್ತ ಕೇಳಿದಳು, "ಅಪ್ಪ, ಏನೂ ಇಲ್ಲ ಅಂದಿದ್ದು ನಾನೇ ಅಲ್ವಾ?"

"ಅಲ್ಲ ಕಣಮ್ಮ. ಕೇಳಿದ್ದು ನಾನು," ಎಂದ ಆತ.

ಮೂರನೇ ದಿನ ಅವಳಿಗೆ ಹೆರಿಗೆಯಾಯಿತು. ಹೆಣ್ಣುಮಗು, ಅಂಗೈಯಷ್ಟು. ಒಂದೇ ಒಂದು ಹಗಲು ಇತ್ತು. ಇದರಿಂದಲೇ ಎಂದೂ ಹೇಳಲಾಗದು, ಅಲ್ಲ ಎಂದೂ ಹೇಳಲಾಗದು, ಮೊದಲೇ ಎರಡು ಹೋಗಿದ್ದವಲ್ಲ ಎಂದರು ಡಾಕ್ಟರಮ್ಮ. ಅವರ ಮಾತು ಸರಿಯೇ ಇರಬಹುದು. ಆದರೂ ನನಗೆ ಮೈ ಉರಿಯಿತು. ಖಚಿತವಾಗಿ ಗೊತ್ತಿದ್ದರೆ ಅತ್ತು ಮುಗಿಸಬಹುದಿತ್ತು. ಉಳಿದ ಆರು ಹೆಂಗಸರು ಮಕ್ಕಳನ್ನೆತ್ತಿಕೊಂಡು ಮನೆಗೆ ಹೋದರು. ಆರು ಜನ, ಆರು ಜನ ಎಂದು ನಾನು ಬಾವಿ ಮಾವನಿಗೆ ಹೇಳುತ್ತಲೇ ಇರುತ್ತೇನೆ. ಆತ ಕೇಳಿಸಿಕೊಳ್ಳುತ್ತಾನೆ.

ಆತನ ಕೆಲಸ ಹೋಯಿತು, ನನ್ನದೂ. ಬಾವಿಗೆ ಸಿಮೆಂಟು ತುಂಬಿದರು. ಬೀರುವನ್ನು ಒಂದು ಸಣ್ಣ ಲಾರಿಯಲ್ಲಿ ಒಯ್ದರು, ಮನೆ ಬದಲಾಯಿಸುವವರು ಸಾಮಾನು ಒಯ್ಯುವಂತೆ. ಗೋಡೆ ಉಳಿದಿದೆ, ಬಳ್ಳಿ ದಟ್ಟವಾಗಿದೆ.

ಈಗಲೂ ಆತ ಸಂಜೆ ಎಲ್ಲೋ ಸುತ್ತಾಡಿ ಮನೆಗೆ ಬಂದು ಹೊಸ್ತಿಲಲ್ಲಿ ಅಂಗಿ ಬಿಚ್ಚುತ್ತಾನೆ. ಬಿಚ್ಚಿದ ಮೇಲೆ ಬಾವಿ ಇಲ್ಲವೆಂಬುದು ನೆನಪಾಗುತ್ತದೆ. ತಿಂಗಳುಗಟ್ಟಲೆ ಮಗಳು ಅದನ್ನು ಮುಟ್ಟಲಿಲ್ಲ. ತಾನೇ ಮೊಳೆಗೆ ನೇತುಹಾಕುತ್ತಿದ್ದ. ಮೊನ್ನೆ ನಾನು ಅವರ ಮನೆಯಲ್ಲಿದ್ದಾಗ ಅವಳು ಒಳಗಿನಿಂದ ಎದ್ದು ಬಂದಳು. ಅಂಗಿ ತೆಗೆದುಕೊಂಡು ಮುಖಕ್ಕೆ ಒತ್ತಿದಳು. ಬಹಳ ಹೊತ್ತು ಹಾಗೇ ಇದ್ದಳು.

"ಏನೂ ಇಲ್ಲ ಅನ್ಸುತ್ತೆ," ಎಂದಳು. ಆಮೇಲೆ ಅಂಗಿಯನ್ನು ನನ್ನ ಕೈಗೆ ಕೊಟ್ಟಳು. "ಆಂಟಿ, ನೀವೊಂದ್ಸಲ ನೋಡಿ."

ನಾನು ಮೂಸಿದೆ. ಬೆವರು, ಬಟ್ಟೆ ಸೋಪು. "ಏನೂ ಇಲ್ಲ," ಎಂದೆ. ಅಪ್ಪ ಮಗಳು ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಂಗಿಯನ್ನು ಮಗುಚಿ ಹಿಡಿದು, ಇನ್ನೊಂದು ಸಲ ಮೂಸಿದೆ.