ಗಾಳಿ ನಿಲ್ಲುವವರೆಗೆ

ಶೂಟಿಂಗ್ ರೇಂಜಿನಲ್ಲಿ ಗುರಿ ತಪ್ಪದವನು ಎಲ್ಲಿಯೂ ತಪ್ಪುವುದಿಲ್ಲವೆಂಬ ನನ್ನ ಬೀಗರ ಮಾತನ್ನು ನಾನು ಎಂದೂ ಒಪ್ಪಲಿಲ್ಲ. ನ್ಯೂಜೆರ್ಸಿಯ ಆ ನಾಲ್ಕು ಗೋಡೆಗಳ ನಡುವೆ ಪ್ರತಿವಾರ ಅವರೇ ಗೆಲ್ಲುತ್ತಿದ್ದರು. ಕಾಡಿನಲ್ಲಿಯೂ ಸೋತರೆ ರೈಫಲ್ ಮುಟ್ಟುವುದನ್ನೇ ಬಿಡುವೆನೆಂದು ಮಾತು ಕೊಟ್ಟೆ.

ನ್ಯೂಯಾರ್ಕ್ ರಾಜ್ಯದ ಕಾಡಿನಲ್ಲಿ, ಮಣ್ಣಿನ ದಿಬ್ಬಕ್ಕೆ ಒರಗಿಸಿದ ತಗಡಿಗೆ ಬೀಗರು ಬೀಸುವ ಗಾಳಿಯಲ್ಲೇ ಹಾರಿಸಿದ ಐದು ಗುಂಡುಗಳಲ್ಲಿ ಎರಡು ಮಾತ್ರ ತಗುಲಿದವು. ಕಣದಲ್ಲಿ ಜೋಳ ತೂರಲು ಗಾಳಿಗೆ ಕಾದು ಬೆಳೆದವನು ನಾನು. ಇಲ್ಲಿ ಒಣ ಎಲೆಯ ಪುಡಿ ಉದುರಿಸುತ್ತ ಗಾಳಿ ನಿಲ್ಲಲೆಂದು ಕಾದೆ.

“ಮುಹೂರ್ತ ನೋಡ್ಲಿಕ್ಕತ್ತೀರೇನ್ರಿ ಬೀಗರ?”

“ನಿಮ್ಮ ಮಗಳ ಮದುವಿಗೂ ನಾನ ನೋಡಿದ್ದು. ಸುಮ್ನಿರ್ರಿ.”

ಪುಡಿ ನೆಟ್ಟಗೆ ಇಳಿದಾಗಲೆಲ್ಲ ಒಂದೊಂದೇ ಗುಂಡು ಹಾರಿಸಿದೆ. ಐದೂ ತಗುಲಿದವು. ಹಿಂದಿರುಗುವಾಗ ಎರಡೂ ರೈಫಲ್‌ಗಳನ್ನು ಬೀಗರೇ ಕಾರಿನವರೆಗೆ ಹೊತ್ತರು, ನಾನು ಬೇಡವೆನ್ನಲಿಲ್ಲ.