ಧ್ಯಾನಕ್ಕೆ ಬಂದು ಒಲೆ ಮುಂದೆ ನಿಂತವಳು

ಬೆಟ್ಟದ ನೆತ್ತಿಯಲ್ಲಿ ಧ್ಯಾನದ ಗುಂಪಿನವರು ಮನೆಗಳನ್ನು ಕಟ್ಟಿಕೊಂಡಾಗ ಅವಳೂ ಗಂಡನ ಜೊತೆ ಬಂದಳು. ಕಣ್ಣು ಮುಚ್ಚಿ ಕೂತು ಮನಸ್ಸು ಹಗುರ ಮಾಡಿಕೊಳ್ಳುವ ಆಸೆ ಅವಳಿಗೂ ಇತ್ತು. ಬಂದ ಹೊಸತರಲ್ಲಿ ಯಾರೋ, "ಅಕ್ಕಾ, ಒಂದೆರಡು ದಿನ ಅಡುಗೆ ನೋಡ್ಕೋತೀರಾ?" ಎಂದರು. ಹೂಂ ಎಂದಳು. ಆ ಒಂದೆರಡು ದಿನ ಮುಗಿಯಲೇ ಇಲ್ಲ. ತಲೆ ನರೆಯಿತು, ಎಲ್ಲರ ಬಾಯಲ್ಲೂ ಅಡುಗೆಯಕ್ಕ ಆದಳು.

ಬೆಳಗಿನ ಗಂಟೆ ಬಾರಿಸಿದಾಗ ಉಳಿದವರು ಧ್ಯಾನದ ಕೋಣೆಗೆ ಹೋದರೆ ಅವಳು ತರಕಾರಿ ಹೆಚ್ಚಲು ಕೂರುತ್ತಿದ್ದಳು. ಅವರು ಎದ್ದು ಬರುವಷ್ಟರಲ್ಲಿ ಗಂಜಿ ಬಿಸಿಯಾಗಿರಬೇಕು. ಪಾತ್ರೆ ತೊಳೆದು ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಮಧ್ಯಾಹ್ನದ ಅಡುಗೆ ಶುರು. ಪೈಪಿನಲ್ಲಿ ನೀರು ಏರಿ ಬಂದರೆ ಬಂತು; ಇಲ್ಲವಾದರೆ ಕೆಳಗಿನ ತೊಟ್ಟಿಯಿಂದ ಹೊರಬೇಕು. ಗಂಡ ಮೌನವ್ರತ ಹಿಡಿದು ವರ್ಷಗಳಾಗಿದ್ದವು. ತಟ್ಟೆ ಮುಂದೆ ಮಾಡಿದರೆ ಇನ್ನಷ್ಟು ಬೇಕು, ಕೈ ಅಡ್ಡ ಹಿಡಿದರೆ ಸಾಕು. ಅಷ್ಟೇ ಅವರ ಸಂಸಾರ.

ಒಮ್ಮೆ ತಂಗಿ ನೋಡಲು ಬಂದಳು.

"ಭಾವನಿಗೆ ಮೌನ, ನಿನಗೆ ಸೊಂಟನೋವು. ಚೆನ್ನಾಗಿ ಹಂಚ್ಕೊಂಡಿದ್ದೀರ! ಬಂದ್ಬಿಡಕ್ಕಾ ನನ್ನ ಜೊತೆ."

"ನಾನು ಬಂದ್ರೆ ಇವರಿಗೆ ಊಟ?"

"ಯಾಕೆ, ಇವರಿಗೆಲ್ಲ ಕೈ ಇಲ್ವಾ?"

ತಂಗಿ ಬೆಟ್ಟ ಇಳಿದು ಹೋದ ಮೇಲೂ ಆ ಮಾತು ಕೊರೆಯುತ್ತಲೇ ಇತ್ತು. ಮರುದಿನ ಅವಳು ಒಲೆ ಹಚ್ಚಲಿಲ್ಲ. ಎಲ್ಲರ ಹಿಂದೆ ಹೋಗಿ ಧ್ಯಾನದ ಕೋಣೆಯ ಮೂಲೆಯಲ್ಲಿ ಕೂತಳು. ಕಣ್ಣು ಮುಚ್ಚಿದ್ದಷ್ಟೇ ಗೊತ್ತು. ಗೋಡೆಗೆ ಒರಗಿ ಗೊರಕೆ ಹೊಡೆಯತೊಡಗಿದಳು. ಧ್ಯಾನ ಮುಗಿಯಿತು, ಗೊರಕೆ ಮುಗಿಯಲಿಲ್ಲ. ಹಸಿದಿದ್ದ ಹಿರಿಯರೊಬ್ಬರು ಅವಳ ಭುಜ ತಟ್ಟಲು ಬಗ್ಗಿದರು.

"ಎಬ್ಬಿಸ್ಬೇಡಿ."

ಎಲ್ಲರೂ ಬೆಚ್ಚಿ ತಿರುಗಿದರು. ಮಾತಾಡಿದವನು ಅವಳ ಗಂಡ. ಆ ದನಿಗೆ ಅವಳಿಗೂ ಎಚ್ಚರವಾಯಿತು.

"ಬಾಯಿ ಬಂತಾ?" ಎಂದಳು. ಸಿಟ್ಟು ಮಾಡಿಕೊಳ್ಳಲೂ ಅವಳಲ್ಲಿ ತ್ರಾಣವಿರಲಿಲ್ಲ.

"ನೀನು ಇಷ್ಟು ಸುಸ್ತಾಗಿದ್ದೀಯ ಅಂತ ಗೊತ್ತಾಗ್ಲಿಲ್ಲ ಕಣೇ."

"ಕಣ್ಣು ಮುಚ್ಕೊಂಡೇ ಕೂತಿದ್ರೆ ಹೇಗೆ ಗೊತ್ತಾಗತ್ತೆ?"

ಅವನು ತಲೆ ತಗ್ಗಿಸಿಕೊಂಡು ಅಡುಗೆಮನೆಗೆ ನಡೆದ. ಅಂದಿನ ಗಂಜಿ ತಳ ಹಿಡಿದಿತ್ತು. ಯಾರೂ ಚಕಾರ ಎತ್ತದೆ ಕುಡಿದರು. ಆಮೇಲೆ ಅಡುಗೆಗೆ ಸರದಿ ನಿಗದಿಯಾಯಿತು. ಕೆಲವರು ಗೊಣಗಿದರು, ಕೆಲವರು ತಮ್ಮ ಸರದಿಗೆ ಸರಿಯಾಗಿ ಜ್ವರ ಬರಿಸಿಕೊಂಡರು. ನೋಡಿ ನೋಡಿ ಬೇಸತ್ತು ಸಂಜೆಯ ಅಡುಗೆಯನ್ನು ಅವಳೇ ಮತ್ತೆ ಹಿಡಿದಳು.

ಬೆಳಗ್ಗೆ ಮಾತ್ರ ಬಿಸಿಲು ಮಂಚದ ತನಕ ಬರುವವರೆಗೂ ಅವಳು ಏಳುವುದಿಲ್ಲ. ಬಾಗಿಲು ತಟ್ಟಲು ಯಾರೂ ಬರುವುದಿಲ್ಲ.