ಹಳ್ಳ ಕಾಣೆಯಾಗಿದೆ

ಬೆಳಗಿನ ಐದೂಕಾಲು. ಶಾಂತಿಗ್ರಾಮದ ಬಸ್‌ಸ್ಟಾಪಿನಲ್ಲಿ ಹಾಸನದ ವ್ಯಾನಿನಿಂದ ಪತ್ರಿಕೆಯ ಕಟ್ಟುಗಳು ದೊಪ್ಪೆಂದು ಬೀಳುತ್ತವೆ. ಕಾಮಾಕ್ಷಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲುಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, ಒಂದೊಂದು ಪತ್ರಿಕೆಯ ಹೊಟ್ಟೆಯೊಳಗೂ ಒಂದೊಂದು ಚೀಟಿ ಸೇರಿಸುತ್ತಾರೆ. ನೂರ ಎಂಬತ್ತಾರು ಪತ್ರಿಕೆ, ನೂರ ಎಂಬತ್ತಾರು ಚೀಟಿ.

“ಅಕ್ಕೋ, ಇವತ್ತೇನ್ ಕಳೆದೋಯ್ತು?” ಟೀ ಅಂಗಡಿಯ ಭೀಮ ಇಣುಕುತ್ತಾನೆ.

“ನಿನ್ ಟೀಲಿ ಹಾಲು ಕಳೆದೋಗೈತೆ ಕಣ್ಲಾ!”

ಪತ್ರಿಕೆ ಹಂಚುತ್ತಿದ್ದವರು ಗಂಡ ಬೈರಯ್ಯ. ಅವರ ಕಾಲು ಮುರಿದಾಗ ಹದಿನೈದು ದಿನಕ್ಕೆಂದು ಇವರು ಹಿಡಿದ ಕೆಲಸಕ್ಕೆ ಈಗ ಹತ್ತೊಂಬತ್ತು ವರ್ಷ. ದಿನಕ್ಕೆ ನಾಲ್ಕು ಹಳ್ಳಿ, ಇಪ್ಪತ್ತೆರಡು ಕಿಲೋಮೀಟರ್, ಹಳೆಯ ಮೊಪೆಡ್ಡು. ಇಷ್ಟು ವರ್ಷ ಬೇರೆಯವರ ಮಾತನ್ನೆಲ್ಲ ಮನೆಮನೆಗೆ ಹೊತ್ತವರಿಗೆ ತಮ್ಮದೂ ಒಂದು ಮಾತಿದೆ ಎನ್ನಿಸಿದ್ದು ಹೋದ ವರ್ಷ.

ಅವರ ಊರಂಚಿನಲ್ಲಿ ಹೊಸ ಲೇಔಟ್ ಎದ್ದಿತು. ಕೆರೆಗೆ ನೀರು ತರುವ ಹಳ್ಳದ ಮೇಲೆ ಮಣ್ಣು ಸುರಿದು ರಸ್ತೆ ಮಾಡಿದರು. ಕಾಮಾಕ್ಷಮ್ಮನೂ ಸೇರಿ ಮೂವತ್ತು ಹೆಂಗಸರು ಜೆಸಿಬಿಯ ಮುಂದೆ ಕುಳಿತರು. ವರದಿಗಾರರು ಬಂದರು, ಫೋಟೊ ತೆಗೆದರು, ಮಜ್ಜಿಗೆ ಕುಡಿದು ಹೋದರು. ಮರುದಿನ ಕಾಮಾಕ್ಷಮ್ಮ ಇದೇ ಬೆಂಚಿನ ಮೇಲೆ ಎಲ್ಲ ಪತ್ರಿಕೆಗಳನ್ನೂ ತಿರುವಿಹಾಕಿದರು. ಲೇಔಟಿನ ಪುಟತುಂಬ ಜಾಹೀರಾತಿತ್ತು. ಹಳ್ಳದ ಬಗ್ಗೆ ಒಂದು ಸಾಲೂ ಇರಲಿಲ್ಲ.

“ಯಾರ್ದೋ ನಾಯಿ ಕಳೆದೋದ್ದು ಹಾಕವ್ರೆ, ನಮ್ ಹಳ್ಳ ಕಳೆದೋದ್ದು ಹಾಕಿಲ್ಲ,” ಎಂದು ಈಗಲೂ ನಗುತ್ತಾರೆ. ಅಂದು ನಗು ಬಂದಿರಲಿಲ್ಲವಂತೆ. ಆ ನಾಯಿಯ ಪ್ರಕಟಣೆ ಮುಂದಿಟ್ಟುಕೊಂಡೇ ಮೊದಲ ಚೀಟಿ ಬರೆದರು: ‘ಹಳ್ಳ ಕಾಣೆಯಾಗಿದೆ. ಅಗಲ ಹದಿನೆಂಟು ಅಡಿ. ವಯಸ್ಸು ನಮ್ಮ ತಾತನಿಗಿಂತ ಹೆಚ್ಚು. ಕೊನೆಯದಾಗಿ ಕಂಡದ್ದು ಲೇಔಟ್ ಗೇಟಿನ ಬಳಿ. ಸುಳಿವು ಇದ್ದವರು ಸೋಮವಾರ ಪಂಚಾಯಿತಿ ಮುಂದೆ ಬನ್ನಿ.’

ಜೆರಾಕ್ಸ್ ಮಾಡಿಸಿ ಮರುದಿನ ಎಲ್ಲ ಪತ್ರಿಕೆಗೂ ಸೇರಿಸಿದರು. ಅಂದು ಸಂಜೆಗೇ ಹಾಸನದ ಪತ್ರಿಕೆ ಏಜೆಂಟ್ ದಿಲೀಪ್‌ನ ಫೋನು. “ನಮ್ ಪೇಪರ್ ಒಳಗೆ ನಿಮ್ ಚೀಟಿ ಹಾಕಂಗಿಲ್ಲ ಅಮ್ಮ. ಪೇಪರ್ ಹಾಕೋ ಲೈನ್ ಬೇರೇರಿಗೆ ಕೊಟ್ಬಿಡ್ತೀನಿ.”

“ಲೇಔಟ್‌ನೋರ ಬಣ್ಣದ ಚೀಟಿ ಮೂರು ದಿನ ನನ್ ಕೈಲೇ ಹಾಕಿಸಿದ್ರಲ್ಲ ಸಾ, ಆಗೇನಾಗಿತ್ತು?”

ಮಾತೇನೋ ಆಡಿಬಿಟ್ಟರು, ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಿಗ್ಗೆ ಚೀಟಿಯಿಲ್ಲದ ಪತ್ರಿಕೆ ಹಿಡಿದು ಹೋದರೆ ಮೊದಲ ಮನೆಯ ಗುರುಸಿದ್ದಮ್ಮ ಬಾಗಿಲಲ್ಲೇ ತಡೆದರು. “ನಿನ್ನೆ ಇದ್ ಚೀಟಿ ಇವತ್ತೆಲ್ಲಿ? ಅದಿಲ್ದಿದ್ರೆ ಪೇಪರೂ ಬ್ಯಾಡ, ತಗಂಡೋಗು!” ಅರವತ್ತು ಮನೆಯವರು ದಿಲೀಪ್‌ಗೆ ಫೋನು ಮಾಡಿ ಅದನ್ನೇ ಹೇಳಿದರು. ಲೈನು ಉಳಿಯಿತು, ಚೀಟಿಯೂ ಉಳಿಯಿತು.

ಸೋಮವಾರ ಪಂಚಾಯಿತಿ ಮುಂದೆ ನಾಲ್ಕು ಹಳ್ಳಿಯ ಜನ ಸೇರಿದರು. ಸರ್ವೆಯವರು ನಕ್ಷೆ ಹಿಡಿದು ಬಂದು ಅಳೆದರು. ಕಳೆದ ತಿಂಗಳು ಹಳ್ಳದ ಮೇಲಿನ ಮಣ್ಣು ತೆಗೆಸಿದರು. ಮೊನ್ನೆಯ ಮಳೆಗೆ ಕೆಂಪು ನೀರು ಕುಣಿಯುತ್ತಾ ಕೆರೆಗೆ ಹೋಯಿತು. ಪತ್ರಿಕೆಗಳಲ್ಲಿ ಅದೂ ಬರಲಿಲ್ಲ.

“ಒಂದ್ ದಿನ ಪೇಪರ್‌ನೋರೇ ನಮ್ಮೂರ ಸುದ್ದಿ ಅಚ್ಚು ಹಾಕ್ಲಿ. ಈ ಚೀಟಿ ತುರುಕೋ ಕೆಲಸ ತಪ್ತದೆ. ಅಷ್ಟೇ ಆಸೆ,” ಎನ್ನುತ್ತಾ ಮೊಪೆಡ್ಡು ಏರುತ್ತಾರೆ. ನನ್ನ ಕೈಗೂ ಒಂದು ಪತ್ರಿಕೆ. ಬಿಡಿಸಿದರೆ ಇವತ್ತಿನ ಚೀಟಿ: ‘ಕಾಣೆಯಾಗಿದ್ದ ಹಳ್ಳ ಸಿಕ್ಕಿದೆ. ಆರೋಗ್ಯವಾಗಿದೆ. ಹುಡುಕಿದ ಎಲ್ಲರಿಗೂ ನಮಸ್ಕಾರ.’